ಮಳೆಗಾಲದ ಬೂಷ್ಟು: ಒರೆಸುವ ಮೊದಲು ನೀರಿನ ಮೂಲ ಹುಡುಕಿ

ಜುಲೈ ಬಂತೆಂದರೆ ಮಂಗಳೂರಿನ ಕೊಟ್ಟಾರದ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿದದ್ದು ಯಾಕೆ? ಉಪ್ಪಿನ ಭರಣಿಯ ತಳದಲ್ಲಿ ನೀರು ನಿಂತದ್ದು ಎಲ್ಲಿಂದ? ಮೇ ತಿಂಗಳಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಮರದ ಬಾಗಿಲು ಈಗ ಎಷ್ಟು ದೂಡಿದರೂ ಯಾಕೆ ಕೂರುವುದಿಲ್ಲ? ಎರಡು ದಿನ ಫ್ಯಾನಿನಡಿ ಹರವಿದ ಬಟ್ಟೆಗೂ ಮುಗ್ಗಲು ವಾಸನೆ ಬರುವುದೇಕೆ? ಒಂದೊಂದಕ್ಕೆ ಒಂದೊಂದು ಮದ್ದು ಹುಡುಕುವುದು ರೂಢಿ. ಬೆಲ್ಟಿಗೆ ಪಾಲಿಶ್, ಉಪ್ಪಿಗೆ ನಾಲ್ಕು ಕಾಳು ಅಕ್ಕಿ, ಬಾಗಿಲಿಗೆ ಉಜ್ಜುಗೊರಡು, ಬಟ್ಟೆಗೆ ಕರ್ಪೂರ. ಆದರೆ ಇವೆಲ್ಲದರ ಹಿಂದೆ ಇರುವುದು ಒಂದೇ ಸಂಗತಿ: ಮನೆಯೊಳಗಿನ ಗಾಳಿ ಹಿಡಿದಿಟ್ಟುಕೊಂಡ ನೀರಿನ ಆವಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಂಗಳೂರಿನಲ್ಲಿ ಹೊರಗಿನ ಗಾಳಿಯನ್ನು ಒಣಗಿಸಲು ಯಾರಿಂದಲೂ ಆಗದು. ಇಡೀ ಮನೆಯನ್ನು ಒಣಗಿಸಲು ಹೊರಡುವುದೂ ವ್ಯರ್ಥ. ಮಾಡಬಹುದಾದದ್ದು, ಮಾಡಬೇಕಾದದ್ದು ಎರಡೇ. ಮನೆಯೊಳಗೆ ಆವಿ ಹುಟ್ಟುವ ಜಾಗದಲ್ಲೇ ಅದನ್ನು ಹೊರಗೆ ಕಳಿಸುವುದು, ಮತ್ತು ಗಾಳಿ ಆಡದೆ ನಿಲ್ಲುವ ಮೂಲೆಗಳನ್ನು ಬಿಡಿಸುವುದು.

ಮೊದಲು ಬೂಷ್ಟಿಗೆ ಏನು ಬೇಕು ಎಂಬುದನ್ನು ತಿಳಿದುಕೊಳ್ಳೋಣ. ಅದರ ಬೀಜಕಣಗಳು ಎಲ್ಲ ಮನೆಯ ಗಾಳಿಯಲ್ಲೂ ವರ್ಷವಿಡೀ ತೇಲುತ್ತಿರುತ್ತವೆ. ಅವುಗಳನ್ನು ಪೂರ್ತಿ ಕೊಲ್ಲುವ ಮಾತೇ ಇಲ್ಲ. ಚರ್ಮ, ಮರ, ಹತ್ತಿ, ಪುಸ್ತಕದ ಅಂಟು, ಗೋಡೆಗೆ ಬಳಿದ ಬಣ್ಣ, ಧೂಳು ಎಲ್ಲವೂ ಅದಕ್ಕೆ ಆಹಾರ. ಕೊರತೆಯಾಗುವುದು ನೀರು ಮಾತ್ರ. ವಸ್ತುವಿನ ಮೈಗೆ ತಾಗಿಕೊಂಡಿರುವ ಗಾಳಿಯ ತೇವಾಂಶ ಹಲವು ದಿನ ಶೇ 75–80ನ್ನು ದಾಟಿ ನಿಂತರೆ ಬೂಷ್ಟು ಚಿಗುರುತ್ತದೆ, ಶೇ 60ರ ಕೆಳಗಿದ್ದರೆ ಬೆಳೆಯುವುದಿಲ್ಲ. ಹನಿ ಕಾಣಿಸಬೇಕೆಂದೇನೂ ಇಲ್ಲ. ಅಡುಗೆಮನೆಯ ಉಪ್ಪೂ ಇದನ್ನೇ ಹೇಳುತ್ತದೆ. ಶುದ್ಧ ಉಪ್ಪು ಗಾಳಿಯಿಂದ ನೀರೆಳೆದು ಕರಗಲು ಶುರುಮಾಡುವುದು ತೇವಾಂಶ ಸುಮಾರು ಶೇ 75 ಮುಟ್ಟಿದಾಗ. ಕಲ್ಲುಪ್ಪಿನಲ್ಲಿ ಮೆಗ್ನೀಷಿಯಮ್ ಕ್ಲೋರೈಡಿನ ಬೆರಕೆ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ತೆರೆದ ಬಟ್ಟಲಿನಲ್ಲಿಟ್ಟ ಪುಡಿಯುಪ್ಪು ನೀರೊಡೆದಿದೆ ಎಂದಾದರೆ ಆ ಕೋಣೆ ಬೂಷ್ಟಿನ ಗೆರೆಯನ್ನು ಮುಟ್ಟಿದೆ ಎಂದೇ ಅರ್ಥ. ಇದಕ್ಕಿಂತ ನಿಖರವಾಗಿ ತಿಳಿಯಬೇಕಿದ್ದರೆ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ತಂದು ಕಪಾಟಿನೊಳಗೆ ಒಂದು ದಿನ, ಮಲಗುವ ಕೋಣೆಯಲ್ಲಿ ಒಂದು ದಿನ ಇಟ್ಟು ನೋಡಬಹುದು.

ಎರಡನೆಯ ಹೆಜ್ಜೆ, ಗೋಡೆಯ ಪರೀಕ್ಷೆ. ಗೋಡೆಯಲ್ಲಿ ಕಪ್ಪು ಕಲೆ ಕಂಡ ಕೂಡಲೇ ಪೈಂಟರನ್ನು ಕರೆಯುವವರೇ ಹೆಚ್ಚು. ನೀರು ಗೋಡೆಯೊಳಗಿಂದ ಬರುತ್ತಿದೆಯೋ, ಕೋಣೆಯ ಗಾಳಿಯಿಂದ ಬಂದು ಕೂರುತ್ತಿದೆಯೋ ಎಂಬುದು ಗೊತ್ತಾಗದೆ ಮಾಡಿದ ಖರ್ಚು ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತದೆ. ಕಲೆಯಿರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಒಂದಡಿ ಉದ್ದ-ಅಗಲದ ಅಲ್ಯೂಮಿನಿಯಮ್ ಫಾಯಿಲ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚನ್ನು ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ, ಅಂದರೆ ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಕೋಣೆಯ ಆವಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿಗಟ್ಟಿದ್ದರೆ ನೀರು ಗೋಡೆಯೊಳಗಿದೆ. ಎರಡೂ ಕಡೆ ಒದ್ದೆಯಿರುವುದೂ ಉಂಟು. ಆಗ ಗೋಡೆಯದ್ದೇ ಮೊದಲ ಸರದಿ.

ಗೋಡೆಯೊಳಗೆ ನೀರಿದೆ ಎಂದಾದರೆ ಕಲೆ ಎಷ್ಟು ಎತ್ತರದಲ್ಲಿದೆ ಎಂದು ನೋಡಬೇಕು. ನೆಲದಿಂದ ಎರಡು-ಮೂರು ಅಡಿಯವರೆಗೆ ಮಾತ್ರ ಬಣ್ಣ ಉಬ್ಬಿ ಬಿಳಿ ಉಪ್ಪು ಪುಡಿಪುಡಿಯಾಗಿ ಉದುರುತ್ತಿದ್ದರೆ ನೀರು ಬುಡದಿಂದ ಏರುತ್ತಿದೆ. ಇಲ್ಲಿನ ಹಳೆಯ ಮನೆಗಳ ಕೆಂಪುಕಲ್ಲು ರಂಧ್ರ ರಂಧ್ರವಾದ ಕಲ್ಲು, ನೀರನ್ನು ಸುಲಭವಾಗಿ ಮೇಲಕ್ಕೆಳೆಯುತ್ತದೆ. ಜೋರು ಮಳೆಗೆ ನೀರು ನಿಲ್ಲುವ ಜಾಗವೆಂದು ಕೊಟ್ಟಾರಚೌಕಿಯ ಹೆಸರು ಹಲವು ಮಳೆಗಾಲಗಳಿಂದ ಸುದ್ದಿಯಲ್ಲಿದೆ. ತೋಡು ಉಕ್ಕಿ ಅಂಗಳಕ್ಕೆ ನೀರು ಬಂದು ಹೋದ ಮನೆಗಳ ಗೋಡೆ ಒಳಗಿಂದ ಆರಲು ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ಆ ಗೋಡೆಗೆ ಕಪಾಟು, ಮಂಚ ತಾಗಿಸಬಾರದು, ಟೈಲ್ಸ್ ಅಂಟಿಸಿ ಕಲೆ ಮುಚ್ಚಲೂಬಾರದು. ಮುಚ್ಚಿದರೆ ನೀರು ಇನ್ನೊಂದಡಿ ಮೇಲೆ ಹತ್ತಿ ಅಲ್ಲಿ ಹೊರಬೀಳುತ್ತದೆ. ಕಲೆ ಕಿಟಕಿಯ ಮೂಲೆಯಲ್ಲೋ ಪಡುವಣ ಗೋಡೆಯ ನಡುವಲ್ಲೋ ಇದ್ದರೆ ಕಾರಣ ಬೇರೆ. ಮುಂಗಾರಿನ ಗಾಳಿ ಕಡಲಿನ ಕಡೆಯಿಂದ ಬೀಸುವುದರಿಂದ ಪಶ್ಚಿಮ, ನೈಋತ್ಯದ ಗೋಡೆಗಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತದೆ. ಹೊರಸಾರಣೆಯ ಕೂದಲೆಳೆಯಂಥ ಬಿರುಕೂ ಸಾಕು. ಇಂಥ ಒದ್ದೆ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದ್ದರೆ ಅದನ್ನು ಬಳಸದೆ, ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಗೋಡೆ ನಿರ್ದೋಷಿ ಎಂದಾದರೆ, ಬಹುತೇಕ ಫ್ಲ್ಯಾಟುಗಳಲ್ಲಿ ಹಾಗೇ ಆಗುವುದು, ಲೆಕ್ಕ ಮನೆಯೊಳಗಿನದು. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಹನ್ನೆರಡಡಿ ಚೌಕ, ಹತ್ತಡಿ ಎತ್ತರದ ಕೋಣೆಯ ಗಾಳಿ 27 ಡಿಗ್ರಿಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ಒಟ್ಟು ಒಂದು ಲೀಟರ್ ನೀರಿನಷ್ಟು. ಮಳೆಗಾಲದಲ್ಲಿ ಅದರ ಶೇ 80 ಮೊದಲೇ ತುಂಬಿರುತ್ತದೆ. ಉಳಿದ ಜಾಗ ಒಂದು ಲೋಟ ನೀರಿಗೆ ಮಾತ್ರ. ಅದೇ ಕೋಣೆಯಲ್ಲಿ ವಾಷಿಂಗ್ ಮೆಷಿನ್‌ನಿಂದ ತೆಗೆದ ಒಂದು ಸುತ್ತಿನ ಬಟ್ಟೆ ಹರವಿದರೆ ಬಿಡುಗಡೆಯಾಗುವುದು ಎರಡು ಲೀಟರಿನಷ್ಟು ನೀರು. ಬಟ್ಟೆ ಒಣಗದಿರುವುದರಲ್ಲಿ ಆಶ್ಚರ್ಯವೇನಿದೆ? ಅಡುಗೆಮನೆಯದ್ದು ಇನ್ನೊಂದು ಲೆಕ್ಕ. ಎಲ್‌ಪಿಜಿ ಉರಿದಾಗ ಬೆಂಕಿಯ ಜೊತೆ ನೀರೂ ಹುಟ್ಟುತ್ತದೆ, ಒಂದು ಕಿಲೋ ಗ್ಯಾಸಿಗೆ ಸುಮಾರು 1.6 ಕಿಲೋ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಾಗ ಒಲೆಯ ಜ್ವಾಲೆಯೊಂದೇ ಮನೆಯ ಗಾಳಿಗೆ 22 ಲೀಟರಿನಷ್ಟು ನೀರು ಸೇರಿಸಿರುತ್ತದೆ. ಕುಚ್ಚಲಕ್ಕಿ ಗಂಟೆಗಟ್ಟಲೆ ಕುದಿಯುವ ಆವಿ ಇದರ ಮೇಲೆ. ಆದ್ದರಿಂದ ಮೂರನೆಯ ಹೆಜ್ಜೆ ಇಷ್ಟು: ಅನ್ನದ ಪಾತ್ರೆಗೆ ಮುಚ್ಚಳ, ಒಲೆ ಹಚ್ಚುವ ಮೊದಲೇ ಎಕ್ಸಾಸ್ಟ್ ಫ್ಯಾನ್, ಆರಿಸಿದ ಮೇಲೂ ಹದಿನೈದು ನಿಮಿಷ ಅದು ಓಡಲಿ. ಆ ಹೊತ್ತು ಅಡುಗೆಮನೆಯ ಒಳಬಾಗಿಲು ಓರೆಯಾಗಿರಲಿ, ಇಲ್ಲದಿದ್ದರೆ ಆವಿ ಹಜಾರಕ್ಕೆ ನುಗ್ಗುತ್ತದೆ. ಬಿಸಿನೀರು ಸ್ನಾನದ ನಂತರ ಬಚ್ಚಲಿಗೂ ಇದೇ ನಿಯಮ, ಗೋಡೆ-ನೆಲದ ನೀರನ್ನು ವೈಪರಿನಿಂದ ಎಳೆದುಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಬಟ್ಟೆಯನ್ನು ಮೆಷಿನ್‌ನಲ್ಲಿ ಇನ್ನೊಮ್ಮೆ ಸ್ಪಿನ್ ಮಾಡಿ, ಟೆರೇಸಿಗೆ ಶೀಟು ಹಾಕಿದ್ದರೆ ಅದರಡಿ ಹರವಿ. ಒಳಗೇ ಹರವಬೇಕಾದರೆ ಒಂದೇ ಕೋಣೆಯನ್ನು ಅದಕ್ಕೆಂದು ಬಿಟ್ಟು, ಕಿಟಕಿ ತೆರೆದು, ಫ್ಯಾನ್ ಹಾಕಿ, ಮನೆಯ ಕಡೆಯ ಬಾಗಿಲು ಮುಚ್ಚಿ. ಮಲಗುವ ಕೋಣೆ ಅದಾಗದಿರಲಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹೊರಗೆ ತೇವಾಂಶ ಶೇ 95 ಇರುವಾಗ ಕಿಟಕಿ ತೆರೆದರೆ ಇನ್ನಷ್ಟು ಥಂಡಿ ಒಳಗೆ ಬರುವುದಿಲ್ಲವೇ? ಹೈಗ್ರೋಮೀಟರಿನ ಅಂಕಿ ಮಾತ್ರ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಆ ಶೇಕಡಾ ಲೆಕ್ಕ ಗಾಳಿಯ ಬಿಸಿಗೆ ತಕ್ಕಂತೆ ಬದಲಾಗುವಂಥದು. 25 ಡಿಗ್ರಿಯ, ಶೇ 95 ತೇವವಿರುವ ಹೊರಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 22 ಗ್ರಾಂ ನೀರಿರುತ್ತದೆ. ಅದೇ ಗಾಳಿ ಒಳಬಂದು 28 ಡಿಗ್ರಿಗೆ ಬಿಸಿಯಾದರೆ, ಒಂದು ಹನಿಯೂ ಕಡಿಮೆಯಾಗದೆ, ಅದರ ತೇವಾಂಶ ಶೇ 80ಕ್ಕೆ ಇಳಿಯುತ್ತದೆ. ಜನ, ಒಲೆ, ಬಟ್ಟೆ ಎಲ್ಲ ಸೇರಿ ಒಳಗಿನ ಗಾಳಿ ಇದಕ್ಕಿಂತ ಹೆಚ್ಚು ನೀರು ಹೊತ್ತಿದ್ದರೆ ಕಿಟಕಿ ತೆರೆದದ್ದರಿಂದ ಲಾಭವೇ. ಹಾಗೆಂದು ‘ಸದಾ ತೆರೆದಿಡಿ’ ಎನ್ನುವ ಸಲಹೆಯೂ ಪೂರ್ತಿ ಸರಿಯಲ್ಲ. ಮನೆ ಎಷ್ಟು ಗಾಳಿಯಾಡಿದರೂ ಈ ಶೇ 80ಕ್ಕಿಂತ ಕೆಳಗೆ ಇಳಿಯಲಾರದು, ಅದೋ ಬೂಷ್ಟಿನ ಗೆರೆಯ ಮೇಲೆಯೇ ಇದೆ. ಆದ್ದರಿಂದ ಮಳೆ ಬಿಟ್ಟು ಬಿಸಿಲು ಹಣಿಕಿದಾಗ, ಅಡುಗೆ-ಸ್ನಾನದ ನಂತರ, ಎದುರುಬದುರು ಕಿಟಕಿಗಳನ್ನು ಒಟ್ಟಿಗೆ ತೆರೆಯಿರಿ. ಅಡ್ಡಮಳೆ ಹೊಡೆಯುವಾಗ ಪಡುವಣ ಕಿಟಕಿ ಮುಚ್ಚಿ. ಇನ್ನೊಂದು ಮಾತು ಹಿರಿಯರಿಂದ ಕೇಳಿಬರುತ್ತದೆ: ಹಂಚಿನ ಮನೆಗಳಲ್ಲಿ ಇಷ್ಟು ಕಾಟವಿರಲಿಲ್ಲ ಎಂದು. ಅದರಲ್ಲಿ ಹುರುಳಿದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯ ನಂತರ ಊರಿಗೆ ಊರೇ ಹೊದ್ದ ಆ ಮಾಡಿನ ಸಂದುಗಳಿಂದ ಬಿಸಿಗಾಳಿ, ಹೊಗೆ, ಆವಿ ತಾವಾಗಿ ಮೇಲೆ ಹೋಗುತ್ತಿದ್ದವು, ಸೌದೆ ಒಲೆಯ ಮೇಲಿನ ಅಟ್ಟ ಸದಾ ಬೆಚ್ಚಗಿರುತ್ತಿತ್ತು. ಸ್ಲ್ಯಾಬಿನ ಮನೆಗೆ ಆ ದಾರಿಯಿಲ್ಲ. ಎಕ್ಸಾಸ್ಟ್ ಫ್ಯಾನನ್ನು ನಾವೇ ಹಾಕಬೇಕಾಗಿ ಬಂದಿರುವುದು ಅದಕ್ಕೇ.

ನಾಲ್ಕನೆಯ ಹೆಜ್ಜೆ ಕಪಾಟಿನದು. ಬೂಷ್ಟು ಹೆಚ್ಚಾಗಿ ಕಪಾಟಿನ ಬೆನ್ನಿನಲ್ಲಿ, ಮಂಚದಡಿಯ ಪೆಟ್ಟಿಗೆಯಲ್ಲಿ ಶುರುವಾಗುತ್ತದೆ. ಮಳೆ ತಾಗುವ ಹೊರಗೋಡೆ ಕೋಣೆಗಿಂತ ಎರಡು-ಮೂರು ಡಿಗ್ರಿ ತಣ್ಣಗಿರುವುದೂ, ಅಲ್ಲಿ ಗಾಳಿ ಅಲುಗಾಡದಿರುವುದೂ ಕಾರಣ. 27 ಡಿಗ್ರಿ, ಶೇ 85 ತೇವದ ಗಾಳಿ 24 ಡಿಗ್ರಿಯ ಮೈಗೆ ತಾಗಿದರೆ ಹನಿಯೇ ಕಟ್ಟುತ್ತದೆ. ಕಪಾಟನ್ನು ಹೊರಗೋಡೆಯಿಂದ ಒಳಗೋಡೆಗೆ ಸರಿಸಿ. ಆಗದಿದ್ದರೆ ಹಿಂದೆ ಕನಿಷ್ಠ ನಾಲ್ಕು ಬೆರಳು, ಅಡಿಯಲ್ಲಿ ಎರಡು ಬೆರಳು ಜಾಗ ಬಿಡಿ. ಬಟ್ಟೆ ಮುಕ್ಕಾಲು ಪಾಲು ಮಾತ್ರ ತುಂಬಿಸಿ, ದಿನಕ್ಕೊಂದು ಗಂಟೆ ಬಾಗಿಲು ತೆರೆದು ಫ್ಯಾನ್ ಹಾಕಿ. ರೇಷ್ಮೆ ಸೀರೆ, ಆಲ್ಬಮ್, ಕ್ಯಾಮೆರಾ, ದಾಖಲೆಪತ್ರಗಳಿರುವ ಒಂದೇ ಒಂದು ಕಪಾಟನ್ನು ಬೆಚ್ಚಗಿಡಿ. 15 ವ್ಯಾಟಿನ ಹಳೆಯ ಮಾದರಿಯ ಫಿಲಮೆಂಟ್ ಬಲ್ಬನ್ನು ತಂತಿಬುಟ್ಟಿಯೊಳಗೆ, ಬಟ್ಟೆ ಜಾರಿಬಿದ್ದರೂ ತಾಗದ ಜಾಗದಲ್ಲಿ, ಎಲೆಕ್ಟ್ರಿಷಿಯನ್‌ನಿಂದಲೇ ಅಳವಡಿಸಿದರೆ, ಒಳಗಿನ ಗಾಳಿ ನಾಲ್ಕು ಡಿಗ್ರಿ ಬಿಸಿಯಾದರೂ ಶೇ 85ರ ತೇವಾಂಶ 70ರ ಕೆಳಗೆ ಬರುತ್ತದೆ. ದಿನವಿಡೀ ಉರಿದರೂ ತಿಂಗಳಿಗೆ 11 ಯೂನಿಟ್. ಎಲ್‌ಇಡಿ ಬಲ್ಬ್ ಬಿಸಿಯಾಗುವುದು ಕಡಿಮೆ, ಅದರಿಂದ ಈ ಕೆಲಸ ಆಗದು. ಕರ್ಪೂರ, ನುಸಿಗುಳಿಗೆ ಹುಳಕ್ಕೂ ವಾಸನೆಗೂ ಸರಿ, ಅವು ನೀರು ಹೀರುವುದಿಲ್ಲ. ಸಿಲಿಕಾ ಜೆಲ್, ಕ್ಯಾಲ್ಸಿಯಮ್ ಕ್ಲೋರೈಡಿನ ಡಬ್ಬಿಗಳು ಹೀರುತ್ತವೆ, ಆದರೆ ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿ ಮಾತ್ರ ಅವುಗಳಿಗೆ ಅರ್ಥ. ತೆರೆದ ಕೋಣೆಯಲ್ಲಿ ಇಟ್ಟರೆ ಅವು ಅರಬ್ಬಿ ಸಮುದ್ರದ ಗಾಳಿಯೊಂದಿಗೆ ಸ್ಪರ್ಧೆಗಿಳಿದಂತೆ. ಮನೆಯಲ್ಲಿ ಉಬ್ಬಸದವರೋ ಪುಟ್ಟ ಮಕ್ಕಳೋ ಇದ್ದರೆ ಮಲಗುವ ಕೋಣೆಗೆ ಡಿಹ್ಯೂಮಿಡಿಫೈಯರ್ ಅಥವಾ ಏಸಿಯ ಡ್ರೈ ಮೋಡ್ ದುಂದುಗಾರಿಕೆಯಲ್ಲ. ತೇವದ, ಬೂಷ್ಟಿನ ಮನೆಗಳಿಗೂ ಉಬ್ಬಸಕ್ಕೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಯಂತ್ರ ಓಡುವಾಗ ಮಾತ್ರ ಕಿಟಕಿ ಮುಚ್ಚಿರಬೇಕು.

ಒರೆಸುವ ಕೆಲಸ ಇಷ್ಟೆಲ್ಲ ಆದ ಮೇಲೆ. ಒಣ ಬ್ರಷ್‌ನಿಂದ ಉಜ್ಜಬೇಡಿ, ಬೀಜಕಣ ಮನೆಯೆಲ್ಲ ಹಾರುತ್ತದೆ. ಮಾಸ್ಕ್, ಕೈಗವಸು ಹಾಕಿ, ಸೋಪುನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಆರಿಸಿ. ಬ್ಲೀಚ್ ಟೈಲ್ಸಿಗೆ ಒಳ್ಳೆಯದು. ಸಾರಣೆ, ಮರದಂಥ ರಂಧ್ರವಿರುವ ಮೈಯಲ್ಲಿ ಅದು ಮೇಲಿನ ಬಣ್ಣ ಕಳೆಯುತ್ತದೆ, ಒಳಗಿಳಿದ ಎಳೆಗಳನ್ನು ಮುಟ್ಟುವುದು ಕಷ್ಟ, ಅದರ ಜೊತೆಗಿನ ನೀರು ಮಾತ್ರ ಒಳಗಿಳಿಯುತ್ತದೆ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನಾಗಲಿ ವಿನೆಗರನ್ನಾಗಲಿ ಯಾವ ಕಾರಣಕ್ಕೂ ಬೆರೆಸಬೇಡಿ. ಹೊಮ್ಮುವುದು ಕ್ಲೋರಿನ್, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಆಹಾರದ ವಿಷಯದಲ್ಲಿ ಒರೆಸುವ ಮಾತೇ ಇಲ್ಲ. ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿ, ಒಣಮೆಣಸನ್ನು ಹುರಿದು ಬಳಸುವುದು ಅಪಾಯ. ಆಸ್ಪರ್ಜಿಲಸ್ ಜಾತಿಯ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ಒಲೆಯ ಬಿಸಿಗೆ ಅದು ಜಗ್ಗುವುದಿಲ್ಲ. ಅಂಥದ್ದನ್ನು ಎಸೆಯಿರಿ.

ಬೂಷ್ಟುನಿರೋಧಕ ಪೈಂಟ್ ಬಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಣಗಿದ ಗೋಡೆಗೆ ಬಳಿದರೆ ಕೆಲವು ವರ್ಷ ಅದು ನೆರವಾಗುತ್ತದೆ, ಒದ್ದೆ ಗೋಡೆಗೆ ಬಳಿದರೆ ಉಬ್ಬಿ ಕಳಚುತ್ತದೆ. ಹಾಗಾಗಿ ಈಗ ಫಾಯಿಲ್ ಪರೀಕ್ಷೆ ಮಾಡಿ, ಕಲೆಯ ಫೋಟೊ ತೆಗೆದು ತಾರೀಕು ಬರೆದಿಟ್ಟುಕೊಳ್ಳಿ. ಬಿರುಕು ತುಂಬಿಸುವುದು, ಕಿಟಕಿಯ ಸಜ್ಜಾ ಸರಿಮಾಡಿಸುವುದು, ಪೈಂಟ್ ಬಳಿಸುವುದು ಜನವರಿಯಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಿಗಿರಲಿ. ಬಳಿಯುವ ಮುನ್ನ ಅದೇ ಜಾಗಕ್ಕೆ ಇನ್ನೊಮ್ಮೆ ಫಾಯಿಲ್ ಅಂಟಿಸಿ, ಎರಡು ದಿನದ ಮೇಲೆ ಹಿಂಬದಿ ಒಣಗಿದ್ದರೆ ಮಾತ್ರ ಪೈಂಟರಿಗೆ ಬರಹೇಳಿ.