ಎರಕ ಮತ್ತು ಅಂಟು: ವಡೋದರದ ಇಕಾರಸನನ್ನು ಕುರಿತು

ಅನ್ಯ ಸಂಸ್ಕೃತಿಯ ಪುರಾಣವೊಂದು ನಮ್ಮ ಕಲೆಗೆ ಬಂದಾಗ ಅದು ಯಾವ ರೂಪದಲ್ಲಿ ನೆಲೆಗೊಳ್ಳುತ್ತದೆ ಎಂಬ ಪ್ರಶ್ನೆ ಕನ್ನಡ ಅಭ್ಯಾಸಿಗಳಿಗೆ ಹೊಸದಲ್ಲ. ಬಿ.ಎಂ. ಶ್ರೀಕಂಠಯ್ಯನವರು ಸಾಫೊಕ್ಲೀಸನ 'ಏಜಾಕ್ಸ್' ನಾಟಕವನ್ನು ಆಧರಿಸಿ 1929ರಲ್ಲಿ 'ಅಶ್ವತ್ಥಾಮನ್' ರಚಿಸಿದಂದಿನಿಂದ ಈ ಪ್ರಶ್ನೆ ನಮ್ಮ ವಿಮರ್ಶೆಯಲ್ಲಿ ಜೀವಂತವಾಗಿದೆ. ಆದರೆ ಚರ್ಚೆ ಬಹುಮಟ್ಟಿಗೆ ನಾಟಕ, ಕಾವ್ಯಗಳಿಗೆ ಸೀಮಿತವಾಗಿದೆ. ಗುಜರಾತಿನ ವಡೋದರದ ಚಿತ್ರಕಾರರಲ್ಲಿ ಕಾಣುವ ಇನ್ನೊಂದು ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಶ್ರೀಯವರ ಕ್ರಮವನ್ನು ಎರಕ ಎನ್ನಬಹುದು. ಗ್ರೀಕ್ ವೀರನ ಹುಚ್ಚು, ಅವಮಾನ, ಆತ್ಮಹತ್ಯೆಗಳನ್ನೆಲ್ಲ ಕರಗಿಸಿ ಮಹಾಭಾರತದ ಅಚ್ಚಿಗೆ ಹೊಯ್ದಿದ್ದಾರೆ. ಏಜಾಕ್ಸನ ಹೆಸರು ಉಳಿಯುವುದಿಲ್ಲ. ಅವನ ದುರಂತ ಮಾತ್ರ ಉಳಿಯುತ್ತದೆ. ಈ ಎರಕದಲ್ಲಿ ಕೀಲು ಕಾಣಿಸುವ ಸ್ಥಳ ಮುಖ್ಯವಾಗಿ ಒಂದೇ: ನಮ್ಮ ಪರಂಪರೆಯಲ್ಲಿ ಚಿರಂಜೀವಿಯಾದ ಅಶ್ವತ್ಥಾಮ ಇಲ್ಲಿ ಸಾಯುತ್ತಾನೆ. ಆ ಸಾವಿನ ಔಚಿತ್ಯವನ್ನು ಕುರಿತ ಪ್ರಶ್ನೆಗಳೆಲ್ಲ ಹುಟ್ಟುವುದು ಆ ಕೀಲಿನಲ್ಲಿಯೇ.

ಅಂಟಿನ ಕ್ರಮ ಇದಕ್ಕೆ ಬೇರೆ. ಕೊಲಾಜ್ ಎಂದು ಕರೆಯುವ ಅಂಟುಚಿತ್ರದಲ್ಲಿ ಕಾಗದ, ಬಟ್ಟೆ, ಅಚ್ಚಾದ ಪಟ, ಬಣ್ಣ ಇವೆಲ್ಲ ಒಂದೇ ಹಲಗೆಯ ಮೇಲೆ ಕೂಡಿದರೂ ತಮ್ಮ ಮೂಲವನ್ನು ಮರೆಸುವುದಿಲ್ಲ. ಉತ್ತರ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಜ್ಜಿಯ ಸೀರೆಯ ತುಂಡು ಯಾವುದು, ಮೊಮ್ಮಗನ ಅಂಗಿಯ ತುಂಡು ಯಾವುದು ಎಂದು ಕೌದಿಯಲ್ಲಿ ಗುರುತಿಸಬಹುದು. ಹಾಗೆ ಗುರುತಿಸಲಾಗುವುದೇ ಅದರ ಸೊಗಸು. ಅಹಮದಾಬಾದು, ಸೂರತ್ತುಗಳಂತಹ ಬಟ್ಟೆಯ ನಗರಗಳಿರುವ ಗುಜರಾತಿನಲ್ಲಿಯೂ ತುಂಡುಬಟ್ಟೆಗಳನ್ನು ಕೂಡಿಸಿ ಹೊಲಿಯುವ ಕಸುಬು ಹಳೆಯದು.

ವಡೋದರದಲ್ಲಿ ಈ ಎರಡು ಕ್ರಮಗಳೂ ಒಂದರ ಬೆನ್ನಿಗೆ ಒಂದು ಬಂದಿವೆ. ಮೂರನೆಯ ಸಯಾಜಿರಾವ್ ಗಾಯಕವಾಡರು 1888ರಲ್ಲಿ ರಾಜಾ ರವಿವರ್ಮನಿಗೆ 14 ಪೌರಾಣಿಕ ಚಿತ್ರಗಳ ಕೆಲಸವನ್ನು ವಹಿಸಿದರು. ಯುರೋಪಿನ ತೈಲವರ್ಣ, ಅಲ್ಲಿಯ ನೆರಳು ಬೆಳಕಿನ ವಿಧಾನ ಇವುಗಳಲ್ಲಿ ನಮ್ಮ ಪುರಾಣದ ನಾಯಕ ನಾಯಿಕೆಯರು ಮೂಡಿದರು. ಇದೂ ಎರಕವೇ. ಆ ಶೈಲಿ ಕಲ್ಲಚ್ಚಿಗೆ ಇಳಿದು ದೇವರ ಪಟವಾಗಿ ಮನೆಮನೆಯ ಗೋಡೆಗೆ ಬಂದ ಮೇಲೆ ಅದು ವಿದೇಶಿ ರೀತಿ ಎಂಬುದೇ ಜನಕ್ಕೆ ಮರೆತುಹೋಯಿತು. ಮುಂದೆ 1950ರಲ್ಲಿ ಅದೇ ಊರಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಲಲಿತಕಲಾ ವಿಭಾಗ ಆರಂಭವಾಯಿತು. ಮುಂಬಯಿಯಲ್ಲಿ ಲೆಕ್ಕಪರಿಶೋಧಕರಾಗಿ ತರಬೇತಿ ಪಡೆದಿದ್ದ ಭೂಪೇನ್ ಖಖ್ಖರ್ 1962ರಲ್ಲಿ ಇಲ್ಲಿಗೆ ಬಂದರು. ಅವರು ಬಜಾರಿನ ದೇವರ ಪಟಗಳನ್ನು ಕತ್ತರಿಸಿ ಅಂಟಿಸಿ, ಮೇಲೆ ಬಣ್ಣ ಬಳಿದು, ಗೋಡೆಬರಹದಂತೆ ಗೀಚಿ, 1960ರ ದಶಕದ ಮಧ್ಯಭಾಗದಲ್ಲಿ ಅಂಟುಚಿತ್ರಗಳನ್ನು ರಚಿಸಿದರು. ರವಿವರ್ಮನ ಪರಂಪರೆ ಮುಚ್ಚಿದ್ದ ಕೀಲನ್ನು ಖಖ್ಖರರ ಕತ್ತರಿ ತೆರೆದು ತೋರಿಸಿತು ಎಂದರೆ ತಪ್ಪಾಗಲಾರದು.

ಗ್ರೀಕ್ ಪುರಾಣ ಈ ಪರಿಸರಕ್ಕೆ ಬಂದುದಕ್ಕೆ ಸುರೇಂದ್ರನ್ ನಾಯರ್ ಅವರ ಕೃತಿಗಳು ಒಳ್ಳೆಯ ನಿದರ್ಶನ. ಕೇರಳದಲ್ಲಿ 1956ರಲ್ಲಿ ಜನಿಸಿದ ಇವರು ತಿರುವನಂತಪುರದಲ್ಲಿ ಓದಿ, ವಡೋದರದಲ್ಲಿ ಮುದ್ರಣಕಲೆಯನ್ನು ಅಭ್ಯಾಸಮಾಡಿ ಅಲ್ಲಿಯೇ ನೆಲೆಸಿದರು. ಇವರ ಒಂದು ಚಿತ್ರಮಾಲೆಯ ಹೆಸರು 'ಕುಕೂನೆಬ್ಯುಲೊಪೊಲಿಸ್'. ಇದು ಅರಿಸ್ಟೊಫನೀಸನ 'ಹಕ್ಕಿಗಳು' ಎಂಬ ವೈನೋದಿಕದಿಂದ (ಕ್ರಿ.ಪೂ. 414) ಬಂದದ್ದು. ಅಥೆನ್ಸಿನ ವ್ಯಾಜ್ಯಗಳಿಂದ ಬೇಸತ್ತ ಇಬ್ಬರು ನಾಗರಿಕರು ಹಕ್ಕಿಗಳ ನಡುವೆ ಸೇರಿ ಆಕಾಶದಲ್ಲಿ ಕಟ್ಟಿಸುವ ನಗರವದು. ಇದೇ ಮಾಲೆಗೆ ಸೇರಿದ, 2000ನೆಯ ವರ್ಷದ ಒಂದು ಚಿತ್ರದ ಶೀರ್ಷಿಕೆಯನ್ನು 'ಇಕಾರಸನ ಅಂತರಂಗದ ಸ್ವಗತವನ್ನು ತಾಲೀಮು ಮಾಡುತ್ತಿರುವ ನಟ' ಎಂದು ಕನ್ನಡಿಸಬಹುದು. ರೆಕ್ಕೆ ಕಟ್ಟಿಕೊಂಡ ಒಬ್ಬ ಮನುಷ್ಯ ಅಶೋಕಸ್ತಂಭದ ತುದಿಯಲ್ಲಿ ನಿಂತಿದ್ದಾನೆ. ಇದು ತೈಲವರ್ಣದ ಚಿತ್ರ. ಕಾಗದವನ್ನಾಗಲಿ ಬಟ್ಟೆಯನ್ನಾಗಲಿ ಇಲ್ಲಿ ಅಂಟಿಸಿಲ್ಲ. ಆದರೂ ಇದರ ಕ್ರಮ ಅಂಟುಚಿತ್ರದ್ದೇ. ಗ್ರೀಕ್ ಕಥೆಯ ಒಂದು ತುಂಡು, ಮೌರ್ಯಶಿಲ್ಪದ ಒಂದು ತುಂಡು, ರಂಗಭೂಮಿಯ ಒಂದು ತುಂಡು ಪರಸ್ಪರ ಕರಗದೆ ಒಟ್ಟಿಗೆ ನಿಂತಿವೆ.

ಇಕಾರಸನ ಕಥೆಯೇ ಈ ಕ್ರಮಕ್ಕೆ ಒಪ್ಪುವಂಥದು ಎಂಬುದು ವಿಶೇಷ. ಕ್ರೀಟಿನಲ್ಲಿ ಸೆರೆಯಾಗಿದ್ದ ಶಿಲ್ಪಿ ಡೆಡಲಸ್ ಹಕ್ಕಿಯ ಗರಿಗಳನ್ನು ದಾರದಿಂದ ಹೊಸೆದು, ಮೇಣದಿಂದ ಅಂಟಿಸಿ, ತನಗೂ ಮಗನಿಗೂ ರೆಕ್ಕೆ ಮಾಡಿದ. ಆ ರೆಕ್ಕೆಯೇ ಮಿಶ್ರ ಮಾಧ್ಯಮದ ಅಂಟುಕೃತಿ. ಮಗ ಸೂರ್ಯನ ಸಮೀಪಕ್ಕೆ ಏರಿದಾಗ ಸೋತದ್ದು ಗರಿಯಲ್ಲ, ಅಂಟು. ಈ ಕಥೆಯ ಪ್ರಸಿದ್ಧ ನಿರೂಪಣೆ ಲ್ಯಾಟಿನ್ ಕವಿ ಓವಿಡನದು. ಅವನ ಕಾವ್ಯದ ಎಂಟನೆಯ ಭಾಗದಲ್ಲಿ ಬುದ್ಧಿ ಹೇಳುವವನು ತಂದೆ, ಗೋಳಿಡುವವನೂ ತಂದೆ. ಇಕಾರಸನಿಗೆ ಕವಿ ಸ್ವಂತ ಮಾತು ಕೊಟ್ಟಿಲ್ಲ. ಬೀಳುತ್ತಾ ಅವನು ತಂದೆಯನ್ನು ಕೂಗುತ್ತಾನೆ, ಸಮುದ್ರ ಅದನ್ನೂ ನುಂಗುತ್ತದೆ. ಹೀಗಿರುವಾಗ ಅವನ 'ಅಂತರಂಗದ ಸ್ವಗತ' ಎಂಬ ಮಾತು ಕಾವ್ಯ ಬಿಟ್ಟ ಖಾಲಿ ಜಾಗವನ್ನೇ ಹಿಡಿದಿದೆ. ಅದೂ ತಾಲೀಮು ಮಾತ್ರ. ಪ್ರಯೋಗ ಇನ್ನೂ ಆಗಿಲ್ಲ. ಚಿತ್ರದೊಳಗಿನವನು ಹಾರಿಲ್ಲ, ಬಿದ್ದಿಲ್ಲ. ವೇಷ ಕಟ್ಟಿ ನಿಂತಿದ್ದಾನೆ.

ಎರಕದ ಕ್ರಮವನ್ನು ಅನುಸರಿಸಿದ್ದರೆ ಏನಾಗುತ್ತಿತ್ತು? ಇಕಾರಸನಿಗೆ ಸಮನಾದ ಪಾತ್ರ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಜಟಾಯು, ಸಂಪಾತಿಗಳು ಪಂತ ಕಟ್ಟಿ ಸೂರ್ಯನತ್ತ ಹಾರುತ್ತಾರೆ. ತಮ್ಮನು ಬಳಲಿದಾಗ ಅಣ್ಣನು ರೆಕ್ಕೆಯನ್ನು ಮರೆಮಾಡಿ, ಆ ರೆಕ್ಕೆ ಸುಟ್ಟು ವಿಂಧ್ಯದ ಮೇಲೆ ಬೀಳುತ್ತಾನೆ. ಆದರೆ ಸಂಪಾತಿಗೆ ರೆಕ್ಕೆ ಮರಳಿ ಮೂಡುತ್ತದೆ. ಅಲ್ಲಿ ಬಿದ್ದದ್ದಕ್ಕೆ ಕಾರಣ ಸ್ನೇಹ, ಮೂಡಿದ್ದಕ್ಕೆ ಕಾರಣ ರಾಮಕಾರ್ಯ. ಇಕಾರಸನನ್ನು ಆ ಅಚ್ಚಿಗೆ ಹೊಯ್ದರೆ ಅವನ ದುರಂತವೇ ಆರಿಹೋಗುತ್ತಿತ್ತು. ಶ್ರೀಯವರು ಚಿರಂಜೀವಿಗೆ ಸಾವನ್ನು ತಂದು ಈ ತೊಡಕನ್ನು ಧೈರ್ಯವಾಗಿ ದಾಟಿದರು; ನಾಯರ್ ಹೆಸರನ್ನೇ ಬದಲಿಸದೆ ಅದನ್ನು ದಾಟಿದ್ದಾರೆ.

ಹೆಸರನ್ನು ಬದಲಿಸದಿದ್ದುದಕ್ಕೆ ಬೆಲೆ ತೆರಬೇಕಾಯಿತು. ಈ ಚಿತ್ರ 2000ದಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನವೊಂದಕ್ಕೆ ಬಂದಾಗ, ರಾಷ್ಟ್ರಲಾಂಛನಕ್ಕೆ ಅಗೌರವವೆಂದು ಸರ್ಕಾರದ ಕಡೆಯಿಂದ ಆಕ್ಷೇಪ ಬಂದು, ಅದನ್ನು ತೆಗೆಯಲು ಸೂಚಿಸಲಾಯಿತು. ಜೊತೆಯ ಕಲಾವಿದರೂ ತಮ್ಮ ಕೃತಿಗಳನ್ನು ಹಿಂತೆಗೆದುಕೊಂಡರು. ಸಾರನಾಥದ ಸಿಂಹಗಳು 1950ರ ಜನವರಿ 26ರಿಂದ ಗಣರಾಜ್ಯದ ಮುದ್ರೆ. ಅದು ಚಿಂದಿಪೆಟ್ಟಿಗೆಯಲ್ಲಿ ಸಿಕ್ಕುವ ತುಂಡಲ್ಲ, ಮತ್ತು ಚಿತ್ರಕಾರನಿಗೂ ಇದು ಗೊತ್ತಿಲ್ಲದ್ದಲ್ಲ. ಆಕ್ಷೇಪಿಸಿದವರಿಗೆ ಕಣ್ಣಿರಲಿಲ್ಲ ಎನ್ನುವಂತಿಲ್ಲ. ಆದರೆ ಅವರು ಅಂಟುಚಿತ್ರವನ್ನು ಎರಕದ ಮೂರ್ತಿಯಂತೆ ನೋಡಿದರೆಂದು ತೋರುತ್ತದೆ: ಸ್ತಂಭ, ಮನುಷ್ಯ ಎರಡೂ ಸೇರಿ ಒಂದೇ ಹೊಸ ಲಾಂಛನವಾಗಿ ಕಂಡವು. ಕೀಲನ್ನು ಕಂಡಿದ್ದರೆ ಪ್ರಶ್ನೆ ಬೇರೆಯಾಗುತ್ತಿತ್ತು. ಐವತ್ತು ವರ್ಷಗಳ ಗಣರಾಜ್ಯದ ತುದಿಯಲ್ಲಿ ನಿಂತವನ ರೆಕ್ಕೆಯ ಮೇಣ ಎಷ್ಟು ಗಟ್ಟಿ ಎಂದು ಅವನೇ ಕೇಳಿಕೊಳ್ಳುತ್ತಿರುವಂತಿದೆ.

ಅಶೋಕನ ಸ್ತಂಭದ ಮೇಲೆ ಗ್ರೀಕನಿಗೇನು ಕೆಲಸ ಎಂಬ ಸಂಶಯಕ್ಕೆ ಗುಜರಾತಿನ ನೆಲದಲ್ಲಿಯೇ ಉತ್ತರವಿದೆ. ವಡೋದರಕ್ಕೂ ಸೂರತ್ತಿಗೂ ನಡುವಣ ಭರೂಚ್ ಬಂದರಿನಲ್ಲಿ ಗ್ರೀಕ್ ಅಕ್ಷರಗಳುಳ್ಳ ಹಳೆಯ ನಾಣ್ಯಗಳು ಚಲಾವಣೆಯಲ್ಲಿದ್ದವೆಂದು ಕ್ರಿ.ಶ. ಒಂದನೆಯ ಶತಮಾನದ 'ಪೆರಿಪ್ಲಸ್' ಹೇಳುತ್ತದೆ. ಜುನಾಗಢದ ಬಂಡೆಯಂತೂ ಇನ್ನೂ ಸ್ವಾರಸ್ಯಕರ. ಅದರ ಮೇಲೆ ಅಶೋಕನ ಶಾಸನಗಳಿವೆ. ಹದಿಮೂರನೆಯದರಲ್ಲಿ ಯೋನ ಅರಸರ ಪ್ರಸ್ತಾಪವಿದೆ. ಅದೇ ಬಂಡೆಯ ಮೇಲೆ ಕ್ರಿ.ಶ. 150ರ ಸುಮಾರಿಗೆ ಬರೆಯಿಸಿದ ರುದ್ರದಾಮನ ಸಂಸ್ಕೃತ ಶಾಸನ, ಸುದರ್ಶನ ಕೆರೆಗೆ ಅಶೋಕನ ಪರವಾಗಿ ಕಾಲುವೆಗಳನ್ನು ಮಾಡಿಸಿದವನು ಯವನರಾಜ ತುಷಾಸ್ಫ ಎಂದು ತಿಳಿಸುತ್ತದೆ. ಬಿರುದು ಯವನರದು, ಹೆಸರು ಪಾರಸಿಕದಂತೆ ಕಾಣುತ್ತದೆ, ಕೆಲಸ ಮೌರ್ಯರದು, ಕೆರೆ ಸೌರಾಷ್ಟ್ರದ್ದು.