ಮೊದಲು ಒಣ ಬಟ್ಟೆ, ಆಮೇಲೆ ಬಾರು

ಚಳಿಗೆ ಒಂದು ಪೆಗ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತು ಕೇಳಿದರೆ ಈಗ ನನಗೆ ಸುಮ್ಮನಿರಲು ಆಗುವುದಿಲ್ಲ. ಆ ಮಾತು ನಂಬಿಯೇ ನಾನು ಭಾವನ ಕೈಗೆ ವಿಸ್ಕಿ ಕೊಟ್ಟದ್ದು.

ಕಳೆದ ನವೆಂಬರಿನಲ್ಲಿ ಅಕ್ಕ, ಭಾವ ಮ್ಯಾಂಚೆಸ್ಟರಿನ ನಮ್ಮ ಮನೆಗೆ ಬಂದಿದ್ದರು. ಅಕ್ಕ ಮನೆಯಲ್ಲೇ ಉಳಿದಳು. ನಾವಿಬ್ಬರು ವೇಲ್ಸಿನ ಮೋಯ್ಲ್ ಶಾಬೋಡ್ ಬೆಟ್ಟ ಹತ್ತಿ, ಆಚೆ ಬದಿಗೆ ಇಳಿದು, ಕೇಪಲ್ ಕ್ಯೂರಿಗ್‌ನ ಪ್ಲಾಸ್ ಎ ಬ್ರೆನಿನ್‌ನ ಬಾರಿನಲ್ಲಿ ಊಟ ಮಾಡುವುದೆಂದು ಹೊರಟೆವು. ಬೆಟ್ಟ ಹತ್ತುವುದು, ದೋಣಿ ನಡೆಸುವುದು ಕಲಿಸುವ ರಾಷ್ಟ್ರೀಯ ಕೇಂದ್ರ ಅದು. ಹಳೆಯ ಹೋಟೆಲ್ ಕಟ್ಟಡದಲ್ಲಿ 1955ರಿಂದ ನಡೆಯುತ್ತಿದೆ. ಕಿಟಕಿಯಾಚೆ ಜೋಡಿ ಕೆರೆ, ಅದರಾಚೆ ಸ್ನೋಡನ್. ಆ ನೋಟ ಭಾವನಿಗೆ ತೋರಿಸಬೇಕೆಂಬ ಹಟ ನನ್ನದೇ.

ಶಾಬೋಡ್ 872 ಮೀಟರ್, ಮುಳ್ಳಯ್ಯನಗಿರಿಯ ಅರ್ಧಕ್ಕೂ ಕಡಿಮೆ. ಮಳೆ ಪ್ಯಾಂಟ್ ಹಾಕಿಕೊಳ್ಳಿ ಎಂದರೆ ಭಾವ, "ಮೂಡಿಗೆರೆ ಮಳೇಲಿ ಬೆಳೆದವನು ಕಣೋ ನಾನು" ಎಂದು ಜೀನ್ಸ್‌ನಲ್ಲೇ ಹೊರಟರು. ಹಿರಿಯರೆಂದು ನಾನು ಮತ್ತೆ ಹೇಳಲಿಲ್ಲ. ಮೂಡಿಗೆರೆಯ ಮಳೆ ಬೇರೆ, ನವೆಂಬರಿನ ಆ ಗಾಳಿಮಳೆ ಬೇರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಹತ್ತುವಾಗ ಡೈಅರ್ ಥೀ ಎಂಬ ಏಣಿನ ಬಂಡೆಗಳ ಮೇಲೆ ಮಳೆ ಅಡ್ಡಡ್ಡ ಹೊಡೆಯಿತು. ಇಳಿಯುವಾಗ ಕಾಡಿನೊಳಗೇ ಕತ್ತಲಾಯಿತು. ಇಬ್ಬರಿಗೂ ಸೇರಿ ಒಂದೇ ಟಾರ್ಚ್. ಕೆರೆಯ ಕಾಲುಸೇತುವೆ ದಾಟುವಾಗ ಎದುರಿಗೆ ಬಾರಿನ ದೀಪ ಕಂಡಿತು, ಗೆದ್ದೆವು ಅಂದುಕೊಂಡೆ.

ಒಳಗೆ ಬೆಚ್ಚಗಿತ್ತು. ಭಾವ ಹಲ್ಲು ಕಟಕಟ ಕಡಿಯುತ್ತಿದ್ದರು. ನಾನು ನೇರ ಕೌಂಟರಿಗೆ ಹೋಗಿ ವಿಸ್ಕಿ ತಂದೆ. ಅರ್ಧ ಕುಡಿದರು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ವಿಸ್ಕಿ ಕೆಲಸ ಮಾಡಿತು ಎಂದು ನೆಮ್ಮದಿಯಾಗಿ ಮೆನು ನೋಡುತ್ತ ಕೂತೆ. ಅವರ ಕುರ್ಚಿಯ ಕೆಳಗೆ ಜೀನ್ಸ್‌ನಿಂದ ಇಳಿದ ನೀರು ಮಡುಗಟ್ಟಿತ್ತು. ಜಾಕೆಟ್ಟಿನ ಜಿಪ್ ಎಳೆಯಲು ಹೋಗುತ್ತಿದ್ದರು, ಬೆರಳು ಕೂಡುತ್ತಲೇ ಇರಲಿಲ್ಲ. ನಾಲಿಗೆ ತೊದಲುತ್ತಿತ್ತು. ಅರ್ಧ ಪೆಗ್ಗಿಗೇ ಏರಿತಲ್ಲ ಅಂದುಕೊಂಡೆ.

"ಭಾವ, ಅಕ್ಕನಿಗೆ ಫೋನ್ ಮಾಡೋಣ್ವಾ?"

"ಯಾವ ಅಕ್ಕ?" ಅಂದರು.

ನಾನು ಆಗಲೂ ಎದ್ದೇಳಲಿಲ್ಲ. ಎದ್ದು ಬಂದವರು ಪಕ್ಕದ ಮೇಜಿನಲ್ಲಿದ್ದ ತರಬೇತುದಾರ ಮಹಿಳೆ. ಭಾವನ ಕೊರಳಿನೊಳಗೆ ಕೈಯಿಟ್ಟು ನೋಡಿ, ಗ್ಲಾಸನ್ನು ದೂರ ಸರಿಸಿದರು. "ಇವರಿಗೆ ಏರಿರುವುದು ವಿಸ್ಕಿಯಲ್ಲ, ಮೈ ತಣ್ಣಗಾಗಿದೆ" ಎಂದರು. ಒಳಗೆ ಕರೆದೊಯ್ದು ಒದ್ದೆ ಬಟ್ಟೆಯೆಲ್ಲ ತೆಗೆಸಿ, ಒಣ ಬಟ್ಟೆ ತೊಡಿಸಿ, ಕಂಬಳಿ ಸುತ್ತಿದೆವು. ಕೈಕಾಲು ಉಜ್ಜಲು ಹೋದ ನನ್ನನ್ನು ಅವರೇ ತಡೆದರು. ತುಂಬ ಸಕ್ಕರೆ ಹಾಕಿದ ಟೀ ಗುಟುಕು ಗುಟುಕಾಗಿ ಕುಡಿಸಿದರು. ಆಂಬುಲೆನ್ಸ್ ಕರೆಯಲು ಫೋನ್ ಕೈಯಲ್ಲೇ ಹಿಡಿದಿದ್ದರು. ಅಷ್ಟರಲ್ಲಿ ಭಾವ ಮತ್ತೆ ಗಡಗಡ ನಡುಗತೊಡಗಿದರು. ನಾನು ಹೆದರಿದೆ. ಆ ತರಬೇತುದಾರರ ಮುಖ ಮಾತ್ರ ಸಡಿಲಾಯಿತು. ನಡುಗಲು ಮೈಗೆ ಮತ್ತೆ ಶಕ್ತಿ ಬಂದಿದೆ ಎಂದರ್ಥವಂತೆ.

ಆಮೇಲೆ ತಿಳಿದದ್ದು ಇಷ್ಟು. ಹೆಂಡ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ. ಒದ್ದೆಯಾದವರ ನಡುಕ ತಾನಾಗಿ ನಿಂತರೆ ಅದು ಗುಣವಲ್ಲ, ಅಪಾಯ. ತೊದಲು, ತಡವರಿಕೆ, ಮರೆವು ಕಂಡರೆ ಕುಡಿದಿದ್ದಾರೆ ಎಂದುಕೊಳ್ಳಬೇಡಿ.

ಆ ಬೆಟ್ಟಕ್ಕೆ ಹೋಗುವವರು ಜೀನ್ಸ್ ಬಿಡಿ. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಬೆನ್ನಿಗಿರಲಿ. ನಮ್ಮದು ಬೆಟ್ಟದಾಚೆ ನಿಲ್ಲಿಸಿದ್ದ ಕಾರಿನಲ್ಲಿತ್ತು. ತಲೆಗೊಂದು ಟಾರ್ಚ್ ಬೇಕು. ಬೆಟ್ಟದಲ್ಲಿ ಸಿಕ್ಕಿಬಿದ್ದರೆ 999ಕ್ಕೆ ಕರೆ ಮಾಡಿ ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಿ. ಬರುವವರು ಸ್ವಯಂಸೇವಕರು, ಹಣ ಕೇಳುವುದಿಲ್ಲ. ಬಾರಿಗೆ ಖಂಡಿತ ಹೋಗಿ, ಬಟ್ಟೆ ಬದಲಿಸಿದ ಮೇಲೆ.

ಭಾವ ಊರಿನಲ್ಲಿ ಎಲ್ಲರಿಗೂ "ಸ್ವಲ್ಪ ಥಂಡಿ ಹಿಡಿದಿತ್ತು, ಅಷ್ಟೆ" ಎನ್ನುತ್ತಾರೆ. ಆ ಅರ್ಧ ಗಂಟೆ ಅವರಿಗೆ ನೆನಪೇ ಇಲ್ಲ. ಅದಕ್ಕೇ ನಾನು ಇದನ್ನು ಬರೆದಿಟ್ಟೆ.