ಉಳಿಯ ಸದ್ದು ಕೇಳು, ತಮ್ಮಾ

ತಮ್ಮಾ, ದೇವದುರ್ಗದ ಮನೆಯ ಪಡಸಾಲೆಯಲ್ಲಿ ಲೇತ್ ಕೂರಿಸಿಕೊಂಡು, ಮೊಬೈಲ್ ನೋಡುತ್ತ ಮರ ಕಡೆಯುವುದನ್ನು ಕಲಿಯುತ್ತಿದ್ದೀಯಂತೆ. ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಅರ್ಧ ದೂರು, ಅರ್ಧ ಹೆಮ್ಮೆ. ನನಗಂತೂ ಸಂತೋಷವಾಯಿತು. ನಾನು ಕಲಿಯುವಾಗ, ಮಂಚದ ಕಾಲು ಕಡೆಯುತ್ತಿದ್ದ ಬಡಿಗೇರ ಮುತ್ಯಾನ ಅಂಗಡಿಯಲ್ಲಿ ಎರಡು ವರ್ಷ ಹೊಟ್ಟು ಗುಡಿಸಿದ ಮೇಲೆಯೇ ಉಳಿ ಕೈಗೆ ಬಂದದ್ದು. ನಿನಗೆ ಆಸ್ಟ್ರೇಲಿಯಾದ ರಿಚರ್ಡ್ ರಫಾನ್ ಅವರಂಥ ಹಿರಿಯ ಕಸಬುದಾರರು ಮೊದಲ ದಿನವೇ ಕೈ ಹಿಡಿದು ತೋರಿಸುತ್ತಾರೆ. ಕಲಿ. ಆದರೆ ಈ ಕಸಬಿನಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು ಎಂಬುದನ್ನು ವಿಡಿಯೊ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಜ್ಜಿಗೆ ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಹಗ್ಗ ಸುತ್ತಿ ಎಳೆಯುವ ಹಳೆಯ ಲೇತ್ ಕಡಗೋಲಿನ ಹಾಗೇ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುತ್ತಿತ್ತು. ಮರ ಉಳಿಯ ಕಡೆಗೆ ತಿರುಗುವಾಗ ಕಡೆತ, ಹಿಂದಕ್ಕೆ ತಿರುಗುವಾಗ ಉಳಿಗೆ ಬಿಡುವು. ನಿಮ್ಮಜ್ಜಿ ಬೆಣ್ಣೆ ಬಂತೆಂದು ಗಡಿಗೆಯೊಳಗೆ ಇಣುಕಿ ಹೇಳುತ್ತಿದ್ದಳೇನು? ಸದ್ದು ಬದಲಾದರೆ ಸಾಕು, ಗೊತ್ತಾಗುತ್ತಿತ್ತು. ಮರವೂ ಹಾಗೇ. ಚೂಪಾದ ಉಳಿ ಸರ್ರನೆ ಒಂದೇ ಸಮ ಹೋಗುತ್ತದೆ, ಉದ್ದ ಸುರುಳಿ ಬೀಳುತ್ತದೆ. ಸದ್ದು ಗರಗರ ಎಂದು ಸುರುಳಿಯ ಬದಲು ಪುಡಿ ಉದುರಿದರೆ ಉಳಿ ಮೊಂಡಾಗಿದೆ. ಟಕ್ ಟಕ್ ಎಂದರೆ ಮರ ಎಲ್ಲೋ ಸೀಳಿದೆ, ಇಲ್ಲವೇ ಹಿಡಿತ ಸಡಿಲಾಗಿದೆ. ಆಗ ಯೋಚಿಸುತ್ತ ನಿಲ್ಲಬೇಡ, ಪಕ್ಕಕ್ಕೆ ಸರಿದು ಸ್ವಿಚ್ ಆರಿಸು.

ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಕಸಬುದಾರ ಎಷ್ಟೋ ಸಲ ಸಾಣೆಕಲ್ಲಿಗೆ ಹೋಗಿ ಬಂದಿರುತ್ತಾನೆ. ಅದನ್ನೆಲ್ಲ ಕತ್ತರಿಸಿ, ಮೇಲೆ ಒಂದು ಹಾಡು ಹಚ್ಚಿ ನಿನಗೆ ತೋರಿಸುತ್ತಾರೆ. ಹಾಡಿದ್ದರೆ ಆ ವಿಡಿಯೊ ಬಿಟ್ಟುಬಿಡು; ಉಳಿಯ ಸದ್ದು ಕೇಳಿಸುವಂಥದ್ದು ಹುಡುಕು. ಮೊದಲ ತಿಂಗಳು ಬಟ್ಟಲಿನ ಆಸೆಯೇ ಬೇಡ. ಉಳಿ ಮಸೆ, ಬಗರಿ ಕಡೆ, ಮತ್ತೆ ಮಸೆ. ಉಳಿಯ ಬಾಯನ್ನು ನೇರ ಮರಕ್ಕೆ ತೂರಿದರೆ ಕೈಯಿಂದ ಕಿತ್ತುಕೊಳ್ಳುತ್ತದೆ. ಹಿಡಿಕೆ ಸೊಂಟಕ್ಕಿರಲಿ, ಉಳಿ ಆಸರೆ ಪಟ್ಟಿಯ ಮೇಲಿರಲಿ, ಬಾಯಿಯ ಹಿಂದಿನ ಇಳಿಜಾರು ಮೊದಲು ಮರಕ್ಕೆ ಸವರಲಿ. ಆಮೇಲೆ ಹಿಡಿಕೆ ಮೆಲ್ಲಗೆ ಎತ್ತು, ಬಾಯಿ ತಾನೇ ಕಚ್ಚುತ್ತದೆ.

ವೇಗಕ್ಕೆ ಒಂದು ಲೆಕ್ಕ ಇದೆ. ಮರದ ಅಡ್ಡಳತೆಯ ಇಂಚನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6000ದಿಂದ 9000ದೊಳಗೆ ಇರಬೇಕು. 6 ಇಂಚಿನ ಬಟ್ಟಲಿಗೆ 1000ದಿಂದ 1500 ಸುತ್ತು. ಮರ ಇನ್ನೂ ಓರೆಕೋರೆ ಇದ್ದರೆ ಅದಕ್ಕಿಂತ ಕಡಿಮೆ.

ವಿಡಿಯೊದಲ್ಲಿ ಮೇಪಲ್, ಚೆರಿ ಎನ್ನುತ್ತಾರೆಂದು ಆನ್‌ಲೈನಿನಲ್ಲಿ ತರಿಸಿ ದುಡ್ಡು ಹಾಳು ಮಾಡಬೇಡ. ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಇದೆಯಲ್ಲ, ನಾವು ಕಡಿದು ಒಲೆಗೆ ಹಾಕುವುದು, ಅದರ ದಾಯಾದಿ ಮರಕ್ಕೆ ಅಮೆರಿಕದ ಟೆಕ್ಸಾಸಿನಲ್ಲಿ ಮೆಸ್ಕೀಟ್ ಎಂದು ಹೆಸರು, ಅದರ ಬಟ್ಟಲಿಗೆ ಅಲ್ಲಿ ಒಳ್ಳೆಯ ಬೆಲೆ. ಗಟ್ಟಿ ಮರ, ಒಣಗಿದರೂ ಹೆಚ್ಚು ಕುಗ್ಗುವುದಿಲ್ಲ. ಬೇವೂ ಆದೀತು, ಆದರೆ ಅದರ ಪುಡಿ ಗಂಟಲು ಕೆರೆಸುತ್ತದೆ. ಮಾಸ್ಕ್ ಇಲ್ಲದೆ ಮುಟ್ಟಬೇಡ. ತಂಪು ದೇಶದವರು ಮರ ಒಣಗಿಸುವ ರೀತಿ 40 ಡಿಗ್ರಿ ದಾಟುವ ನಮ್ಮ ಬ್ಯಾಸಗಿಗೆ ಒಗ್ಗುವುದಿಲ್ಲ. ಹಸಿ ತುಂಡಿನ ಎರಡೂ ತುದಿಗೆ ಮೇಣ ಬಳಿ. 10 ಇಂಚಿನ ಬಟ್ಟಲಾದರೆ ಗೋಡೆ 1 ಇಂಚು ದಪ್ಪ ಬಿಟ್ಟು, ಅದರದೇ ಹೊಟ್ಟಿನೊಳಗೆ ಹೂತು, ನೆರಳಲ್ಲಿ ತಿಂಗಳುಗಟ್ಟಲೆ ಇಟ್ಟು, ಆಮೇಲೆ ತೆಳ್ಳಗೆ ಕಡೆ.

ನನ್ನ ಹೆಗಲ ಮೇಲಿನ ವಲ್ಲಿ ಒಮ್ಮೆ ಲೇತ್‌ಗೆ ಸುತ್ತಿಕೊಂಡಿತ್ತು. ಬಟ್ಟೆ ಹಳೆಯದಾಗಿ ಹರಿದುಬಂತು, ಕುತ್ತಿಗೆ ಉಳಿಯಿತು. ವಲ್ಲಿ, ಉದ್ದ ತೋಳು, ಕೈಗವಸು, ಕೊರಳ ದಾರ ಯಾವುದೂ ಬೇಡ. ಮುಖಕ್ಕೆ ಪಾರದರ್ಶಕ ಕವಚ ಬೇಕು. ನಮ್ಮದು ಕರೆಂಟು ಹೋಗಿಬರುವ ಊರು. ಹೋದ ಕೂಡಲೇ ಸ್ವಿಚ್ ಆರಿಸು, ಬಂದಾಗ ಲೇತ್ ತಾನಾಗಿ ತಿರುಗಬಾರದು.

ಕೈ ಸ್ವಲ್ಪ ಕುದುರಿದ ಮೇಲೆ ಎರಡು ಕಡೆ ಹೋಗಿ ಬಾ. ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಹಾಲೆ ಮರದ ಬೊಂಬೆ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ತಿಕ್ಕಾಟದ ಬಿಸಿಗೇ ಬಣ್ಣ ಕರಗಿಸಿ ಹತ್ತಿಸುತ್ತಾರೆ, ಮೇಲೆ ಕೇದಿಗೆ ಗರಿಯಿಂದ ಹೊಳಪು. ಎಷ್ಟು ಒತ್ತಬೇಕೆಂಬುದು ಪಕ್ಕದಲ್ಲಿ ಕೂತರೆ ಮಾತ್ರ ತಿಳಿಯುತ್ತದೆ. ಇನ್ನೊಂದು ಕೊಪ್ಪಳ ಜಿಲ್ಲೆಯ ಇಟಗಿ. 1112ರಲ್ಲಿ ಕಟ್ಟಿದ ಮಹಾದೇವ ಗುಡಿಯ ಕಂಬಗಳನ್ನು ಬೆರಳಿಂದ ಸವರಿ ನೋಡು. ಬಳಪದ ಕಲ್ಲನ್ನು ಮರದ ಹಾಗೆ ತಿರುಗಿಸಿ ಕಡೆದಿದ್ದಾರೆ. ಅಂಥ ಭಾರದ ಕಲ್ಲು ತಿರುಗಿಸಿದವರ ಧೈರ್ಯ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಕಾರಹುಣ್ಣಿಮೆಗೆ ಮಾನ್ವಿಗೆ ಬರುತ್ತೀಯಲ್ಲ, ಕಡೆದ ಬಗರಿ ತಾ. ಅದರ ಜೊತೆ ಉಳಿಯನ್ನೂ ತಾ. ನಾನು ಮೊದಲು ನೋಡುವುದು ಉಳಿಯ ಬಾಯನ್ನು.